ಪುಣೆಯಲ್ಲಿ ಕುಳಿತು ‘ದುರ್ಗಾಸ್ತಮಾನ’ ಓದಿದಾಗ

ತ.ರಾ.ಸು. ಅವರ ‘ದುರ್ಗಾಸ್ತಮಾನ’ 1982ರಲ್ಲಿ ಹೊರಬಂದಿತು. 1984ರಲ್ಲಿ ಅವರು ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. ‘ಕಂಬನಿಯ ಕುಯಿಲು’ ಮೊದಲಾದ ಅವರ ಚಿತ್ರದುರ್ಗದ ಕಾದಂಬರಿಗಳಿಗೆ ಇದು ಕಳಶಪ್ರಾಯ.

ಕಥೆಯ ಕೊನೆ ಹೆಸರಿನಲ್ಲೇ ಇದೆ. ಮತ್ತಿ ತಿಮ್ಮಣ್ಣನಾಯಕನಿಂದ ಮೊದಲಾಗಿ ಇನ್ನೂರು ವರ್ಷ ಮೀರಿ ಬಾಳಿದ ಮನೆತನ 1779ರಲ್ಲಿ ಹೈದರಾಲಿಗೆ ಕೋಟೆಯನ್ನು ಕಳೆದುಕೊಂಡಿತು. ಮುಂದೇನೆಂದು ತಿಳಿದಿದ್ದೂ ನಾವು ಪುಟ ತಿರುವುತ್ತೇವೆ. ಕಾರಣ, ಇಲ್ಲಿ ನಿಜವಾದ ನಾಯಕ ಮದಕರಿಯೊಬ್ಬನೇ ಅಲ್ಲ, ಏಳುಸುತ್ತಿನ ಕೋಟೆಯೂ ಹೌದು. ಬೆಟ್ಟದ ಮೇಲಿನ ಹೊಂಡಗಳು, ಎಣ್ಣೆಯ ಕೊಳಗಳು, ಮದ್ದು ಅರೆಯುತ್ತಿದ್ದ ಬೀಸುಕಲ್ಲುಗಳು, ಏಕನಾಥೇಶ್ವರಿಯ ಗುಡಿ ಇವನ್ನೆಲ್ಲ ಕಂಡು ಬಂದವರಿಗೆ ಒಂದು ಮಾತು ಹೊಳೆಯದಿರದು: ಕಲ್ಲಿನ ಕೋಟೆ ಉಳಿಯಿತು, ಮಣ್ಣಿನ ಗೋಡೆಯ ಅರಮನೆ ಕರಗಿತು. ದೊರೆತನದ ಪಾಡೂ ಇಷ್ಟೇ.

ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ಕೃತಿ ಕಾಣುವುದು ದುರ್ಗದ ಕಣ್ಣಿನಿಂದ. ಅಭಿಮಾನ ಉಕ್ಕಿದಲ್ಲಿ ವಿವೇಚನೆ ಹಿಂದೆ ಸರಿಯುತ್ತದೆ. ಸಣ್ಣ ಪಾಳೆಯಪಟ್ಟೊಂದು ಶ್ರೀರಂಗಪಟ್ಟಣ, ಪುಣೆಗಳೆಂಬ ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿತ್ತು. 1770ರಲ್ಲಿ ಪೇಶ್ವೆ ಮಾಧವರಾಯರು ನಿಜಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕುಳಿತರು. ಕೊನೆಗೆ ಅದನ್ನು ಏರಿ ಗೆದ್ದವರು ಅವರ ಪಕ್ಷ ವಹಿಸಿದ್ದ ದುರ್ಗದ ನಾಯಕ ಮತ್ತು ಅವನ ಬೇಡರ ಪಡೆ. 1772ರಲ್ಲಿ ಮಾಧವರಾಯರು ಕಾಲವಾದರು. ಮರುವರ್ಷ ಶನಿವಾರವಾಡೆಯೊಳಗೇ ನಾರಾಯಣರಾಯನ ಕೊಲೆಯಾಯಿತು. ಪುಣೆ ಮನೆಜಗಳದಲ್ಲಿ ಮುಳುಗಿದಾಗ ಹೈದರನ ಕೈ ಬಲವಾಯಿತು. ದುರ್ಗದ ಅಸ್ತಮಾನದ ಒಂದು ಬೇರು ಹೀಗೆ ನಮ್ಮ ಈ ಊರಿನಲ್ಲೇ ಇದೆ. ಪತನವನ್ನು ವಿಧಿಯೆಂದೋ ದ್ರೋಹವೆಂದೋ ಮಾತ್ರ ಓದಿದರೆ ಈ ರಾಜಕಾರಣದ ಲೆಕ್ಕ ಕೈತಪ್ಪುತ್ತದೆ.

ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಪೇಶ್ವೆಯರ ಚರಿತ್ರೆ ಕಲಿಯುತ್ತಾರೆ. ಮನೆಯಲ್ಲಿ ಮದಕರಿಯ, ಓಬವ್ವನ ಕಥೆ ಕೇಳುತ್ತಾರೆ. ಒಂದು ಕಡೆಯ ವೀರ ಇನ್ನೊಂದು ಕಡೆ ಬರಿಯ ಪಾಳೆಯಗಾರ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಅವರಿಗೆ ಹೇಳುವುದು ಬೇಡ. ಈ ಕಾದಂಬರಿಯನ್ನು ಅವರ ಕೈಗಿಡೋಣ. ಓದಿ ಮುಗಿಸಿದ ಭಾನುವಾರ ಶನಿವಾರವಾಡೆಗೂ ಕರೆದುಕೊಂಡು ಹೋಗೋಣ. 1828ರ ಬೆಂಕಿಯಲ್ಲಿ ಅರಮನೆ ಸುಟ್ಟುಹೋಗಿ ಅಲ್ಲಿಯೂ ಉಳಿದಿರುವುದು ಕೋಟೆಗೋಡೆ, ಹೆಬ್ಬಾಗಿಲು ಮತ್ತು ಕಲ್ಲಿನ ತಳಪಾಯ. ಸೋತವರ ಕೋಟೆಗೂ ಗೆದ್ದವರ ವಾಡೆಗೂ ಕಡೆಗೆ ಹೆಚ್ಚು ಅಂತರವಿಲ್ಲವೆಂಬುದನ್ನು ಅವರೇ ಕಂಡುಕೊಳ್ಳಲಿ.