ತಾಳಿಕೊಳ್ಳುವ ಯಂತ್ರ, ತಡವಾಗುವ ಆರೈಕೆ

ಪೇಂಟ್‌ಬಾಲ್ ಆಟಕ್ಕೆ ಈಗ ಬೆಂಗಳೂರಿನ ಹೊರವಲಯದ ರೆಸಾರ್ಟುಗಳಲ್ಲೂ ಕೊಯಮತ್ತೂರಿನ ಸುತ್ತಲೂ ಗಿರಾಕಿಗಳಿದ್ದಾರೆ. ಕಂಪನಿಗಳ ತಂಡಗಳು, ಕಾಲೇಜು ಹುಡುಗರು ಬಂದು ಮುಖಕ್ಕೆ ಮಾಸ್ಕ್ ಬಿಗಿದು, ಬಣ್ಣದ ಗುಂಡು ಹಾರಿಸುವ ಬಾಡಿಗೆಯ ಮಾರ್ಕರ್ ಹಿಡಿದು ಒಂದೆರಡು ಗಂಟೆ ಆಡಿ ಹೋಗುತ್ತಾರೆ. ಆಟ ಹೇಗಿತ್ತು ಎಂಬ ಮಾತು ಬೇಕಾದಷ್ಟು ನಡೆಯುತ್ತದೆ. ಕೈಯಲ್ಲಿದ್ದ ಉಪಕರಣವನ್ನು ಯಾರು ಹೇಗೆ ನೋಡಿಕೊಂಡಿದ್ದರು ಎಂಬುದರ ವಿಮರ್ಶೆ ನಡೆಯುವುದಿಲ್ಲ. ನಡೆಯಬೇಕು. ಸುಮಾರು 3 ಗ್ರಾಂ ತೂಕದ ಬಣ್ಣದ ಗುಂಡೊಂದು ಸೆಕೆಂಡಿಗೆ 300 ಅಡಿ ವೇಗದಲ್ಲಿ ಬರುತ್ತದೆ. ಆ ವೇಗ ಮಿತಿಯಲ್ಲಿದೆಯೋ ಇಲ್ಲವೋ ಎಂಬುದು ಆರೈಕೆಯ ಪ್ರಶ್ನೆ. ಮಾಸ್ಕ್ ಜಾರಿದ ಗಳಿಗೆಯಲ್ಲಿ ಅದು ಕಣ್ಣಿನ ಪ್ರಶ್ನೆ.

ಈ ವಿಮರ್ಶೆಗೆ ನಾನು ಎತ್ತಿಕೊಂಡಿರುವುದು ಟಿಪ್‌ಮನ್ ಕಂಪನಿಯ 98 ಕಸ್ಟಮ್. 1998ರಲ್ಲಿ ಮಾಡೆಲ್ 98 ಎಂದು ಬಂದು ಆಮೇಲೆ ಕಸ್ಟಮ್ ಆದ ಈ ಮಾರ್ಕರ್ ಜಗತ್ತಿನ ಬಾಡಿಗೆ ಮೈದಾನಗಳಲ್ಲಿ ಕಂಡಷ್ಟು ಬಳಕೆಯನ್ನು ಬೇರೆ ಕೆಲವೇ ಮಾರ್ಕರ್‌ಗಳು ಕಂಡಿವೆ. ಆಟದ ಮೊದಲ ಉಪಕರಣ ಆಟಕ್ಕೆಂದು ಹುಟ್ಟಿದ್ದೇ ಅಲ್ಲ. ಕಾಡಿನಲ್ಲಿ ಕಡಿಯಬೇಕಾದ ಮರಗಳಿಗೆ ಗುರುತು ಹಾಕಲು ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ನೆಲ್‌ಸ್ಪಾಟ್ 007 ಪಿಸ್ತೂಲನ್ನು ಹಿಡಿದು, 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ ಮೊದಲ ಆಟ ನಡೆಯಿತು. ಆ ಪಿಸ್ತೂಲಿನಲ್ಲಿ ಪ್ರತಿ ಗುಂಡನ್ನೂ ಕೈಯಿಂದಲೇ ಒಳಗಿಳಿಸಬೇಕಿತ್ತು. ಅಲ್ಲಿಂದ 98ರವರೆಗಿನ ದಾರಿ, ಅನಿಲವೇ ಯಂತ್ರವನ್ನು ಮತ್ತೆ ಸಜ್ಜುಗೊಳಿಸುವಂತೆ ಮಾಡಿದ ದಾರಿ.

ಆ ಕೆಲಸವನ್ನು 98 ಕಸ್ಟಮ್ ತುಂಬ ಸರಳವಾಗಿ ಮಾಡುತ್ತದೆ. ಟ್ರಿಗರ್ ಎಳೆದಾಗ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಹಿಂದಿನ ಬೋಲ್ಟನ್ನು ಮುಂದಕ್ಕೆ ನೂಕುತ್ತದೆ. ಒಂದು ಸಲಾಕೆಯ ಮೂಲಕ ಅದಕ್ಕೆ ಜೋಡಿಸಿರುವ ಮುಂದಿನ ಬೋಲ್ಟ್ ಗುಂಡನ್ನು ಬ್ಯಾರೆಲ್‌ಗೆ ತಳ್ಳುತ್ತದೆ. ಹಿಂದಿನ ಬೋಲ್ಟ್ ವಾಲ್ವಿಗೆ ಬಡಿದಾಗ ಹೊರಬಿದ್ದ ಅನಿಲದ ಒಂದು ಪಾಲು ಗುಂಡನ್ನು ಹಾರಿಸುತ್ತದೆ, ಇನ್ನೊಂದು ಪಾಲು ಅದೇ ಬೋಲ್ಟನ್ನು ಹಿಂದಕ್ಕೆ ತಳ್ಳಿ ಕೊಕ್ಕೆಗೆ ಸಿಕ್ಕಿಸುತ್ತದೆ. ಬ್ಯಾಟರಿ ಇಲ್ಲ, ಸರ್ಕೀಟು ಇಲ್ಲ. ಕೆಸರಿಗೆ ಬಿದ್ದರೂ, ಬಣ್ಣ ಒಳಗೆ ಮೆತ್ತಿಕೊಂಡರೂ ಬಹಳ ಹೊತ್ತು ನಡೆಯುತ್ತದೆ. ಈ ಗುಣವನ್ನು ಮನಸಾರೆ ಮೆಚ್ಚುತ್ತೇನೆ. ದಿನಕ್ಕೆ ಹತ್ತಾರು ಅಪರಿಚಿತ ಕೈಗಳಿಗೆ ಹೋಗುವ ವಸ್ತು ಹೀಗೇ ಇರಬೇಕು.

ವಿನ್ಯಾಸದಲ್ಲಿ ದೊಡ್ಡ ದೋಷವೊಂದೂ ಇದೆ. ಇದರ ಒಡಲು ಎರಡು ಲೋಹದ ಹೋಳುಗಳನ್ನು ಸ್ಕ್ರೂಗಳಿಂದ ಕೂಡಿಸಿದ್ದು. ಒಳಗಿನ ಬೋಲ್ಟ್ ಒರೆಸಬೇಕೆಂದರೂ ಅಲೆನ್ ಕೀ ಹಿಡಿದು ಇಡೀ ಒಡಲನ್ನೇ ತೆರೆಯಬೇಕು. ತೆರೆದೊಡನೆ ಸ್ಪ್ರಿಂಗು, ಪಿನ್ನು ಜಾಗ ಬಿಡುತ್ತವೆ. ಮೆದು ಲೋಹದಲ್ಲಿನ ಸ್ಕ್ರೂ ಎಳೆಗಳು ಪದೇ ಪದೇ ಬಿಚ್ಚಿದರೆ ಸವೆಯುತ್ತವೆ. ಅದೇ ಕಾಲದ ಸ್ಪೈಡರ್ ಮಾರ್ಕರ್‌ಗಳಲ್ಲಿ ಒಂದು ಪಿನ್ ಎಳೆದರೆ ಬೋಲ್ಟ್ ಕೈಗೆ ಬರುತ್ತಿತ್ತು. ಬಿಚ್ಚುವುದು ತ್ರಾಸವಾದರೆ ಮನುಷ್ಯ ಬಿಚ್ಚುವುದಿಲ್ಲ. ಕೊಳೆಯನ್ನು ತಾಳಿಕೊಳ್ಳುವ ಗುಣವೂ ತೆರೆಯಲು ಒಗ್ಗದ ಒಡಲೂ ಒಂದೇ ಯಂತ್ರದಲ್ಲಿ ಸೇರಿದ್ದರಿಂದ, ಕೆಡುವವರೆಗೆ ಮುಟ್ಟಬೇಡ ಎಂಬ ಅಭ್ಯಾಸ ಬೆಳೆಯಿತು. ನನ್ನ ಮುಖ್ಯ ಆಕ್ಷೇಪ ಈ ಅಭ್ಯಾಸದ ಮೇಲೆ.

ಅದರ ಮೊದಲ ರೂಪ, ಕೈಗೆ ಸಿಕ್ಕ ಎಣ್ಣೆ ಹೊಯ್ಯುವುದು. ಮಾರ್ಕರ್ ಮೊಂಡಾಯಿತು ಎಂದೊಡನೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಅಂಥ ದ್ರಾವಕಗಳು ರಬ್ಬರಿನ ಓ-ರಿಂಗುಗಳನ್ನು ಊದಿಸಿ ಕೆಡಿಸುತ್ತವೆ. ಇದಕ್ಕೆ ಬೇಕಾದ್ದು ಮಾರ್ಕರ್‌ಗೆಂದೇ ಮಾಡಿದ ತೆಳು ಎಣ್ಣೆಯ ಕೆಲವೇ ಹನಿ. ಅದನ್ನು ಅನಿಲದ ಟ್ಯಾಂಕ್ ಕೂರುವ ಬಾಯಿಗೆ ಬಿಟ್ಟು, ಗುಂಡಿಲ್ಲದೆ ಒಂದಷ್ಟು ಸಲ ಹಾರಿಸಿದರೆ ಅನಿಲವೇ ಎಣ್ಣೆಯನ್ನು ಒಳಗೆಲ್ಲ ಒಯ್ಯುತ್ತದೆ.

ಎರಡನೆಯದು ಹೆಚ್ಚು ಅಪಾಯಕಾರಿ. ಒಡಲಿನ ಪಕ್ಕದಲ್ಲಿ ವೇಗ ಹೊಂದಿಸುವ ಸ್ಕ್ರೂ ಇದೆ. ಒಳಕ್ಕೆ ತಿರುಗಿಸಿದರೆ ಅನಿಲದ ದಾರಿ ಕಿರಿದಾಗಿ ವೇಗ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಗುಂಡು ದೂರ ಹೋಗುತ್ತಿಲ್ಲ ಎಂಬ ದೂರು ಬಂದರೆ ಸಿಬ್ಬಂದಿಯ ಕೈ ಮೊದಲು ಇದೇ ಸ್ಕ್ರೂಗೆ ಹೋಗುತ್ತದೆ. ಆದರೆ ವೇಗ ಇಳಿದದ್ದು ಟ್ಯಾಂಕ್ ತಣ್ಣಗಾಗಿದ್ದಕ್ಕೆ ಇರಬಹುದು. ಕಾರ್ಬನ್ ಡೈಆಕ್ಸೈಡ್ ಟ್ಯಾಂಕಿನಲ್ಲಿರುವುದು ದ್ರವ. ಬಿರುಸಾಗಿ ಹಾರಿಸಿದಾಗ ಅದು ಆವಿಯಾಗುತ್ತ ಟ್ಯಾಂಕಿನ ಬಿಸಿಯನ್ನೇ ಹೀರಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಆಗ ಸ್ಕ್ರೂ ಹೊರತಿರುಗಿಸಿದರೆ, ಟ್ಯಾಂಕ್ ಮತ್ತೆ ಬೆಚ್ಚಗಾದ ಮೇಲೆ ಅದೇ ಮಾರ್ಕರ್ ಮಿತಿ ಮೀರಿ ಹೊಡೆಯುತ್ತದೆ. 21 ಡಿಗ್ರಿಯಲ್ಲಿ ಸುಮಾರು 850 ಪಿಎಸ್‌ಐ ಇರುವ ಈ ಒತ್ತಡ ಸೆಖೆ ಹೆಚ್ಚಿದಂತೆ ಕಡಿದಾಗಿ ಏರುತ್ತದೆ. 31 ಡಿಗ್ರಿ ದಾಟಿದ ಮೇಲೆ ಟ್ಯಾಂಕಿನಲ್ಲಿ ದ್ರವ, ಆವಿ ಎಂಬ ಭೇದವೇ ಉಳಿಯುವುದಿಲ್ಲ. ಕೊಯಮತ್ತೂರಿನ ಸುತ್ತಲ ಕೊಂಗುನಾಡಿನ ಏಪ್ರಿಲ್ ಬಿಸಿಲಲ್ಲಿ ಈ ಅನಿಲವನ್ನು ನಂಬಿ ಸ್ಕ್ರೂ ತಿರುಗಿಸುವುದು ಊಹೆಯ ಮೇಲೆ ಆಡುವ ಆಟ. ಕ್ರೋನೋಗ್ರಾಫ್‌ನಲ್ಲಿ ವೇಗ ಅಳೆಯದೆ ಆ ಸ್ಕ್ರೂ ಮುಟ್ಟಬಾರದು.

ಮೂರನೆಯದು, ಗುಂಡಿನ ತಪ್ಪನ್ನು ಯಂತ್ರದ ಮೇಲೆ ಹೊರಿಸುವುದು. ಗುಂಡಿನ ಸಿಪ್ಪೆ ಜೆಲಟಿನ್‌ನದು, ತೇವ ಹೀರಿ ಉಬ್ಬುತ್ತದೆ. ಹಿಂದಿನ ವಾರದ ಉಳಿಕೆ ಗುಂಡನ್ನು ಮಳೆಗಾಲದಲ್ಲಿ ತುಂಬಿಸಿದರೆ ಎಂಥ ಮಾರ್ಕರ್ ಆದರೂ ಅದನ್ನು ಒಡೆಯುತ್ತದೆ. ಒಡೆದ ಬಣ್ಣ ಬ್ಯಾರೆಲ್‌ನಲ್ಲಿ ಉಳಿದರೆ ಮುಂದಿನ ಗುಂಡೂ ಒಡೆಯುತ್ತದೆ. ಬಣ್ಣ ನೀರಿನಲ್ಲಿ ಕರಗುವಂಥದ್ದು. ಒಣಗುವ ಮುಂಚೆ ಒರೆಸಿದರೆ ಎರಡು ನಿಮಿಷದ ಕೆಲಸ.

ಕೆಡುವವರೆಗೆ ಮುಟ್ಟದ ಈ ಅಭ್ಯಾಸಕ್ಕೆ ವಿರುದ್ಧವಾದ ಶಿಸ್ತನ್ನು ಹುಡುಕಿದರೆ ಅದು ಕೊಯಮತ್ತೂರಿಗೆ ಹತ್ತಿರದ ಅವಿನಾಶಿಯಲ್ಲೇ ಸಿಗುತ್ತದೆ. ಅವಿನಾಶಿಯಿಂದ ತಿರುಪ್ಪೂರಿನತ್ತ ಹಬ್ಬಿರುವ ಬನಿಯನ್ ಬಟ್ಟೆಯ ಉದ್ಯಮ ಇಡಿಯಾಗಿ ವೃತ್ತಾಕಾರದ ಹೆಣಿಗೆ ಯಂತ್ರಗಳ ಮೇಲೆ ನಿಂತಿದೆ. ಒಂದೊಂದರಲ್ಲೂ ಸಾವಿರಕ್ಕೂ ಮೀರಿದ ಸೂಜಿಗಳಿರುತ್ತವೆ, ಹತ್ತಿಯ ಧೂಳು ಸದಾ ಮುತ್ತುತ್ತದೆ. ಅಲ್ಲಿನ ಫಿಟ್ಟರ್ ದೋಷವನ್ನು ಬಟ್ಟೆಯಲ್ಲಿ ಓದುತ್ತಾನೆ. ಉದ್ದಕ್ಕೆ ಗೆರೆ ಎದ್ದರೆ ಸೂಜಿ ಕೆಟ್ಟಿದೆ, ಅಡ್ಡಕ್ಕೆ ಪಟ್ಟೆ ಬಿದ್ದರೆ ನೂಲಿನ ಬಿಗಿಯಲ್ಲೋ ನೂಲಿನಲ್ಲೋ ವ್ಯತ್ಯಾಸವಿದೆ, ಎಣ್ಣೆಯ ಕಲೆ ಕಂಡರೆ ಎಣ್ಣೆ ಹೆಚ್ಚಾಗಿದೆ. ಲಕ್ಷಣದಿಂದ ಕಾರಣಕ್ಕೆ ಹೋಗಿ, ಆಮೇಲೆ ಕೀ ಹಿಡಿಯುತ್ತಾನೆ. ಧೂಳನ್ನು ಗಾಳಿಯೂದಿ ತೆಗೆಯುವುದು, ಕಂಪ್ರೆಸರ್ ಟ್ಯಾಂಕಿನ ನೀರು ಬಿಡುವುದು ದಿನದ ಕೆಲಸ, ಯಂತ್ರ ಕೆಟ್ಟ ದಿನಕ್ಕೆ ಕಾದಿಟ್ಟ ಕೆಲಸವಲ್ಲ. ಗಾಳಿಯ ವಿದ್ಯೆ ಈ ಸೀಮೆಗೆ ಹೊಸದಲ್ಲ. ಎಲ್ಜಿ ಕಂಪ್ರೆಸರ್ ಕಂಪನಿ ಕೊಯಮತ್ತೂರಿನಲ್ಲಿ ಹುಟ್ಟಿದ್ದು 1960ರಲ್ಲಿ. ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರ ಕುಟುಂಬಗಳೂ ಈ ಸೀಮೆಯಲ್ಲಿ ತಲೆಮಾರುಗಳಿಂದ ಮಗ್ಗದ ಮುಂದೆ ಕೂತು ಎಳೆಯ ದೋಷವನ್ನು ಬಟ್ಟೆಯಲ್ಲಿ ಹಿಡಿಯುತ್ತ ಬಂದಿವೆ.

ಈ ವಿದ್ಯೆಯ ಒಂದು ಭಾಗವನ್ನು ಮಾತ್ರ ಪೇಂಟ್‌ಬಾಲ್ ಮೈದಾನಕ್ಕೆ ನೇರವಾಗಿ ತರುವಂತಿಲ್ಲ. ಕಾರ್ಖಾನೆಯ ಗಾಳಿ ಸಾಮಾನ್ಯವಾಗಿ 7–8 ಬಾರ್ ಒತ್ತಡದ್ದು. ಮಾರ್ಕರ್‌ಗೆ ಸುಮಾರು 55 ಬಾರ್ ಬೇಕು. ಕಾರ್ಬನ್ ಡೈಆಕ್ಸೈಡ್ ಬದಲು ಬಳಸುವ ಅಧಿಕ ಒತ್ತಡದ ಗಾಳಿಯ ಟ್ಯಾಂಕಿನೊಳಗೆ 3000 ಪಿಎಸ್‌ಐ, ಅಂದರೆ 200 ಬಾರ್ ದಾಟಿದ ಒತ್ತಡ ಇರುತ್ತದೆ, ಕೆಲವದರಲ್ಲಿ 4500 ಪಿಎಸ್‌ಐ. ಅದಕ್ಕೆ ಬೇರೆಯೇ ಕಂಪ್ರೆಸರ್ ಬೇಕು, ಟ್ಯಾಂಕಿಗೆ ಅವಧಿಗೊಮ್ಮೆ ಜಲಪರೀಕ್ಷೆ ಆಗಬೇಕು. ಖರ್ಚು ಹೆಚ್ಚು. ಆದರೂ ನಮ್ಮ ಸೆಖೆಗೆ ಗಾಳಿಯೇ ಸರಿಯಾದ ಆಯ್ಕೆ, ಏಕೆಂದರೆ ರೆಗ್ಯುಲೇಟರ್ ಒತ್ತಡವನ್ನು ಸಮವಾಗಿಡುತ್ತದೆ, ಒಳಗೆ ದ್ರವ ನುಗ್ಗಿ ಸೀಲುಗಳನ್ನು ಹೆಪ್ಪುಗಟ್ಟಿಸುವ ತೊಂದರೆ ಇರುವುದಿಲ್ಲ.

ತರಬೇಕಾದ್ದು ಲಕ್ಷಣದಿಂದ ಕಾರಣಕ್ಕೆ ಹೋಗುವ ಆ ಕ್ರಮ. 98 ಕಸ್ಟಮ್ ಈ ಓದಿಗೆ ಚೆನ್ನಾಗಿ ಒದಗುತ್ತದೆ. ಟ್ಯಾಂಕ್ ಕೂಡುವಲ್ಲಿ ಸುಸ್ಸೆಂದರೆ ಟ್ಯಾಂಕಿನ ಬಾಯಿಯ ಓ-ರಿಂಗ್ ಹರಿದಿದೆ. ಅದು 015 ಅಳತೆಯದು, ಕೆಲವೇ ರೂಪಾಯಿಯ ವಸ್ತು. ಗಾಳಿ ಬ್ಯಾರೆಲ್‌ನಿಂದ ಸೋರಿದರೆ ವಾಲ್ವಿನೊಳಗಿನ ಕಪ್ ಸೀಲ್ ಸವೆದಿದೆ. ಒಮ್ಮೆ ಟ್ರಿಗರ್ ಎಳೆದದ್ದಕ್ಕೆ ತಾನೇ ತಡತಡನೆ ಹೊಡೆದರೆ ಬೋಲ್ಟ್ ಪೂರ್ತಿ ಹಿಂದೆ ಹೋಗಿ ಕೊಕ್ಕೆಗೆ ಸಿಗುತ್ತಿಲ್ಲ. ಮೊದಲು ಅನಿಲ ಮುಗಿಯುತ್ತಿದೆಯೇ ನೋಡಬೇಕು, ಆಮೇಲೆ ಹಿಂದಿನ ಬೋಲ್ಟಿನ ಓ-ರಿಂಗ್ ಒಣಗಿದೆಯೇ, ಕೊನೆಗೆ ಕೊಕ್ಕೆಯ ಅಂಚು. ಒಂದರ ಜಾಗದಲ್ಲಿ ಎರಡು ಗುಂಡು ಇಳಿದು ಒಡೆಯುತ್ತಿದ್ದರೆ ಗುಂಡು ತಡೆಯುವ ಪುಟ್ಟ ರಬ್ಬರ್ ತುಂಡು ಸವೆದಿದೆ. ಸೋರಿಕೆ ಸಣ್ಣದಾಗಿ ಜಾಗ ತಿಳಿಯದಿದ್ದರೆ ಸೋಪಿನ ನೀರು ಸವರಿದರೆ ಗುಳ್ಳೆ ಹೇಳುತ್ತದೆ. ಇಷ್ಟೂ ಪರೀಕ್ಷೆಗಳಲ್ಲಿ ಒಡಲು ತೆರೆಯುವುದು ಕೊನೆಯ ಹೆಜ್ಜೆ, ಅದಕ್ಕೂ ಮುಂಚೆ ಗುಂಡು ಖಾಲಿ ಮಾಡಿ, ಟ್ಯಾಂಕ್ ಕಳಚಿ, ಒಳಗುಳಿದ ಅನಿಲವನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಮುಗಿಸಿರಬೇಕು.

ಯಂತ್ರಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಒಡಲಿನ ಜೋಡಣೆ ಕಷ್ಟದ್ದು ನಿಜ, ಆದರೆ ಒಳಗಿನ ತರ್ಕ ಪ್ರಾಮಾಣಿಕವಾದದ್ದು. ಪ್ರತಿ ದೋಷಕ್ಕೂ ಕೇಳುವ, ಕಾಣುವ ಲಕ್ಷಣವೊಂದಿದೆ. ಈ ಯಂತ್ರವನ್ನು ಬಾಡಿಗೆಗೆ ಕೊಡುವ ರೂಢಿಗೆ ಆ ಅಂಕ ಕೊಡಲಾರೆ. ಕೊಡಬೇಕಾದರೆ ಮೂರು ಬದಲಾವಣೆ ಸಾಕು. ಪ್ರತಿ ಮಾರ್ಕರ್‌ಗೂ ಒಂದು ನಂಬರು, ಆ ನಂಬರಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇರಲಿ. ಯಾವ ಓ-ರಿಂಗ್ ಯಾವ ದಿನ ಬದಲಾಯಿತು ಎಂಬುದು ಅಲ್ಲಿ ದಾಖಲಾಗಲಿ. ಬೆಳಿಗ್ಗೆ ಆಟಕ್ಕೆ ಮುಂಚೆ ಒಮ್ಮೆ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಪ್ರತಿ ಮಾರ್ಕರ್‌ನ ವೇಗ ಅಳೆದು ಅದೇ ಪುಟದಲ್ಲಿ ಬರೆಯಲಿ. ಮಿತಿ ಮೀರಿದ ಮಾರ್ಕರ್ ಸರಿಯಾಗುವವರೆಗೆ ಯಾರ ಕೈಗೂ ಹೋಗದಿರಲಿ. ಆಡಲು ಹೋಗುವವರಿಗೂ ಒಂದು ಕರ್ತವ್ಯವಿದೆ. ಮಾಸ್ಕ್ ಕಟ್ಟಿಕೊಳ್ಳುವ ಮುಂಚೆ ಆ ಪುಟ ತೋರಿಸಿ ಎಂದು ಕೇಳಿ. ಪುಟ ಇಲ್ಲದ ಮೈದಾನದಲ್ಲಿ ಆಡಬೇಡಿ.