ಕಾವಲಿನ ಹುಲ್ಲೂ ವರ್ಧಕ ದ್ರವ್ಯಗಳೂ: ಒಂದು ವಿಮರ್ಶೆ

ಹುಲ್ಲುಗಾವಲಿನ ಇಳುವರಿಯನ್ನೂ ಗುಣವನ್ನೂ ಸಸ್ಯವರ್ಧನ ನಿಯಂತ್ರಕಗಳಿಂದ ತಿದ್ದುವ ವಿಚಾರವಾಗಿ ಬಂದಿರುವ ಬರೆಹಗಳನ್ನು ಓದುವಾಗ, ಚರಿತ್ರೆಯ ಅಭ್ಯಾಸಿಗಳಾದ ನಮಗೆ ಒಂದು ಕೊರತೆ ಎದ್ದು ಕಾಣುತ್ತದೆ. ತೂಕದ ಲೆಕ್ಕ ಕರಾರುವಾಕ್ಕಾಗಿರುತ್ತದೆ. ಆ ಹುಲ್ಲು ಯಾವ ನೆಲದ್ದು, ಯಾವ ಋತುವಿನದು ಎಂಬುದು ಮಾತ್ರ ನಿರ್ಣಯವನ್ನು ಹೇಳುವ ಹೊತ್ತಿಗೆ ಹಿಂದೆ ಸರಿದಿರುತ್ತದೆ.

ಗಿಬ್ಬರೆಲಿನ್ನಿನ ಕಥೆಯನ್ನೇ ನೋಡಬಹುದು. ಭತ್ತದ ಸಸಿಗಳನ್ನು ವಿಪರೀತ ನೀಳವಾಗಿಸಿ ಕೆಡಿಸುವ ರೋಗಕ್ಕೆ ಒಂದು ಶಿಲೀಂಧ್ರವು ಸ್ರವಿಸುವ ದ್ರವ್ಯವೇ ಕಾರಣವೆಂದು 1926ರಲ್ಲಿ ಜಪಾನಿನ ಕುರೊಸಾವ ತೋರಿಸಿದರು. 1935ರಲ್ಲಿ ಯಾಬುಟ ಅದಕ್ಕೆ ಹೆಸರಿಟ್ಟರು. ಇಂದು ನ್ಯೂಜಿಲೆಂಡಿನಲ್ಲಿ ಚಳಿಗಾಲದ ಕೊನೆಯಲ್ಲಿ ಇದನ್ನೇ ಹುಲ್ಲಿಗೆ ಸಿಂಪಡಿಸುತ್ತಾರೆ. ಶೀತದಿಂದ ಕುಗ್ಗಿದ ಬೆಳವಣಿಗೆ ಕೆಲವು ವಾರಗಳಲ್ಲಿ ಚುರುಕಾಗುತ್ತದೆ. ಆದರೆ ಬೇಗ ನೀಳವಾದ ಹುಲ್ಲಿನಲ್ಲಿ ಸಾರಜನಕ ತೆಳುವಾಗಿ ಹಂಚಿಹೋಗುವುದರಿಂದ ಸಸಾರಜನಕದ ಪ್ರಮಾಣ ಇಳಿಯಬಹುದು. ಮುಂದಿನ ಕೊಯ್ಲೂ ಕುಗ್ಗಬಹುದು. ಮೆಫ್ಲುಯಿಡೈಡ್ ಎಂಬ ತಡೆದ್ರವ್ಯದ ಕೆಲಸ ಇದಕ್ಕೆ ವಿರುದ್ಧ. ಅದು ತೆನೆಕಡ್ಡಿಯನ್ನು ತಡೆದು ಎಲೆಯನ್ನು ಉಳಿಸುತ್ತದೆ. ಗುಣ ಏರಿದರೂ ಒಟ್ಟು ರಾಶಿ ಇಳಿಯುತ್ತದೆ. ಇಳುವರಿ, ಗುಣ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಬರೆಹವನ್ನು ಸಂಶಯದಿಂದಲೇ ಓದಬೇಕು.

ನಮ್ಮ ಬಯಲುಸೀಮೆಯ ಹುಲ್ಲಿಗೆ ಅಡ್ಡಿಯಾಗಿರುವುದು ಶೀತವಲ್ಲ, ನೀರಿನ ಅಭಾವ. ಒಣಗಿದ ನೆಲದಲ್ಲಿ ಕಾಂಡವನ್ನು ನೀಳವಾಗಿಸುವ ದ್ರವ್ಯದಿಂದ ಹೆಚ್ಚೇನನ್ನು ನಿರೀಕ್ಷಿಸುವುದು? ಮೈಸೂರಿನ ಅರಸರು ಈ ಅಭಾವಕ್ಕೆ ಬೇರೊಂದು ಉಪಾಯ ಕಂಡಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ನೆಲವನ್ನು ವಿಂಗಡಿಸಿ ಹಿಂಡುಗಳನ್ನು ನಡೆಸುತ್ತಿದ್ದರು. ಕೆರೆ ಹೊಳೆಗಳ ನೀರೂ ಮರಗಳ ನೆರಳೂ ಇದ್ದ ನೆಲ ಬೇಸಗೆಗೆ ಮೀಸಲು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು.

ಇಲ್ಲಿ ನಮ್ಮ ಚರಿತ್ರಕಾರರನ್ನೂ ಆಕ್ಷೇಪಿಸಬೇಕಾಗಿದೆ. ಫಿರಂಗಿಗಳನ್ನೆಳೆದ ಎತ್ತುಗಳ ವೇಗವನ್ನು ಅವರು ಮನದಣಿಯೆ ವರ್ಣಿಸಿದ್ದಾರೆ. ಆ ವೇಗಕ್ಕೆ ಮೂಲವಾದ ಹುಲ್ಲಿಗೆ ಒಂದು ಪುಟವನ್ನೂ ಕೊಡಲು ಮನಸ್ಸು ಮಾಡಿಲ್ಲ. (ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯ ಐತಿಹ್ಯವೂ ಹೊಲಕ್ಕೆ ನುಗ್ಗಿದ ಬಸವನದು, ಅಂದರೆ ಮೇವಿನದು, ಜನರು ಮರೆಯದುದನ್ನು ವಿದ್ವಾಂಸರು ಮರೆತಂತಿದೆ.) ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಈ ಹಿಂಡುಗಳನ್ನು ಮಾರಿ, 1866ರಲ್ಲಿ ಮತ್ತೆ ಕಟ್ಟಬೇಕಾಗಿ ಬಂದಿತು. ದನವನ್ನು ಮತ್ತೆ ಕೂಡಿಸಬಹುದು. ಕಳೆದ ಕಾವಲಿನ ಮಾತು ಹಾಗಲ್ಲ. ಒಮ್ಮೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಈ ನೆಲ ಬಹುಪಾಲು ಅನ್ಯಕಾರ್ಯಗಳಿಗೆ ಸಂದಿದೆ. 2008ರಿಂದೀಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಸಂಶೋಧನೆ, ರಕ್ಷಣೆಗಳ ಸಂಸ್ಥೆಗಳಿಗೆ ಹೋದಾಗ ಕುರಿ ದನ ಮೇಯಿಸುವವರು ನ್ಯಾಯಾಧಿಕರಣದ ಮೆಟ್ಟಿಲನ್ನು ಹತ್ತಬೇಕಾಯಿತು. ಎಕರೆಯೇ ಕೈಬಿಟ್ಟ ಮೇಲೆ ಎಕರೆಯ ಇಳುವರಿ ಯಾರಿಗೆ?

ಪ್ರಯೋಗವೇ ಬೇಡವೆಂದು ನಾವು ಹೇಳುವುದಿಲ್ಲ. ಅಜ್ಜಂಪುರದ ಕಡೆಯ ಉಳಿದ ಕಾವಲಿನಲ್ಲಿ, ಮೂರು ಋತುಗಳಲ್ಲಿಯೂ, ಸಿಂಪಡಿಸಿದ ಹುಲ್ಲಿನ ಪಕ್ಕದಲ್ಲಿ ಕೇವಲ ವಿಶ್ರಾಂತಿ ಕೊಟ್ಟ ಹುಲ್ಲನ್ನೂ ಇಟ್ಟು ತೂಗಲಿ. ಎರಡನೆಯ ಕೊಯ್ಲನ್ನೂ ಲೆಕ್ಕಕ್ಕೆ ಸೇರಿಸಲಿ.