ಲೈನು ಕೊಡುವ ಕೆಲಸ

ಹೊಸ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜು) ಹಾಕಿಸಿಕೊಂಡ ಕಚೇರಿಯನ್ನು ಹೊಗಳುವವರು ಮೊದಲು ಎತ್ತಿ ಹೇಳುವುದು ಅದರ ಧ್ವನಿಮುದ್ರಿತ ಸ್ವಾಗತವನ್ನು. ಕನ್ನಡಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಎಕ್ಸ್‌ಟೆನ್ಷನ್ ಗೊತ್ತಿದ್ದರೆ ನೇರವಾಗಿ ಡಯಲ್ ಮಾಡಿ. ಆಧುನಿಕತೆ, ಪಾರದರ್ಶಕತೆ, ಜನಸ್ನೇಹ ಎಲ್ಲವೂ ಇದರ ಖಾತೆಗೆ ಜಮೆಯಾಗುತ್ತವೆ. ಅಷ್ಟು ಹೊಗಳಿಕೆಗೆ ಅದು ಯೋಗ್ಯವಲ್ಲ. ಬಂದ ಕರೆಯನ್ನು ಎತ್ತಿ, ಕೇಳಿಸಿಕೊಂಡು, ಸರಿಯಾದ ಮೇಜಿಗೆ ದಾಟಿಸುವ ಮನುಷ್ಯರ ಕೆಲಸವನ್ನು ಮಾತ್ರ ಯಾರೂ ಕೌಶಲವೆಂದು ಲೆಕ್ಕಕ್ಕೆ ಹಿಡಿದಿಲ್ಲ. ಕಚೇರಿಯ ಫೋನು ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಅಲ್ಲಿ.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಈ ಕೆಲಸಕ್ಕೆ ತೂಕ ಹೆಚ್ಚು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ, ಎಸ್‌ಟಿಡಿ ಕೋಡಿನ ಲೆಕ್ಕದಲ್ಲಿ ಚಿಂತಾಮಣಿಯ 08154, ಗೌರಿಬಿದನೂರಿನ 08155, ಶಿಡ್ಲಘಟ್ಟದ 08158 ಎಲ್ಲ ಕಡೆಯವರೂ ಜಿಲ್ಲಾ ಮಟ್ಟದ ಕೆಲಸಕ್ಕೆ ಚಿಕ್ಕಬಳ್ಳಾಪುರದ 08156ಕ್ಕೆ ಫೋನು ಮಾಡಬೇಕು. ಉತ್ತರ ಸಿಗದಿದ್ದರೆ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಹೋಯಿತು. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನವಾದರೆ ಶಿಡ್ಲಘಟ್ಟದ ರೈತ ಮನೆ ಬಿಟ್ಟು ಕದಲುವಂತೆಯೇ ಇಲ್ಲ. ಇನ್ನೊಂದು ವಿಷಯ ಭಾಷೆಯದು. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಗಾಬರಿಯಲ್ಲಿದ್ದಾಗ ಮಾತು ತೆಲುಗಿನಲ್ಲೇ ಶುರುವಾಗುತ್ತದೆ. ಫೋನೆತ್ತಿದವರು ಥಟ್ಟನೆ "ಚೆಪ್ಪಂಡಿ" (ಹೇಳಿ) ಎಂದರೆ ಅರ್ಧ ಕೆಲಸ ಮುಗಿಯಿತು. ಒಂದು ಒತ್ತಿ, ಎರಡು ಒತ್ತಿ ಎನ್ನುವ ದನಿಗೆ ಆ ಸೂಕ್ಷ್ಮ ಇಲ್ಲ.

ಜಿಲ್ಲೆಯ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಮಹಿಳೆಯೊಬ್ಬರು ಲೈನು ಕೊಡುವುದನ್ನು ಎದುರಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಅತ್ತಲವರು ಸಿಟ್ಟಿನಲ್ಲಿದ್ದರು; ದನಿ ರಿಸೀವರ್ ದಾಟಿ ನನಗೂ ಕೇಳುತ್ತಿತ್ತು. ಅವರ ಮಾತು ಮುಗಿಯುವವರೆಗೆ ಸುಮ್ಮನಿದ್ದು ಈಕೆ ಕೇಳಿದ್ದು ಇಷ್ಟೆ: "ಅರ್ಜಿ ಕೊಟ್ಟು ಎಷ್ಟು ದಿನ ಆಯ್ತಣ್ಣ? ನಂಬರ್ ಕೈಲಿದೆಯಾ?" ಆಮೇಲೆ ಫ್ಲ್ಯಾಶ್ ಒತ್ತಿ ಒಳಗಿನ ನಂಬರು ಹಾಕಿದರು. ಸರ್ವೆ ಸೆಕ್ಷನ್ನಿನವರು ಎತ್ತಿದ ಮೇಲೆ, "ಸಾರ್, ಚಿಂತಾಮಣಿ ಕಡೆಯವರು, ಪೋಡಿ ಅರ್ಜಿ, ಕೊಟ್ಟು ಮೂರು ತಿಂಗಳಾಗಿದೆಯಂತೆ, ನಂಬರ್ ಇಟ್ಕೊಂಡಿದಾರೆ. ಕೊಡ್ಲಾ ಸಾರ್?" ಅತ್ತಲಿಂದ "ಕೊಡಮ್ಮ" ಎಂದು ಬಂದ ಮೇಲೆಯೇ ರಿಸೀವರ್ ಇಟ್ಟರು.

ಈ ಎರಡು ವಾಕ್ಯಗಳ ಜೋಡಣೆ ನೋಡಬೇಕು. ಮೊದಲು ಊರು. ಕಡತಗಳು ತಾಲ್ಲೂಕುವಾರು ಹಂಚಿಕೆಯಾಗಿರುವ ಸೆಕ್ಷನ್ನಿನಲ್ಲಿ ಊರಿನ ಹೆಸರು ಕಿವಿಗೆ ಬಿದ್ದ ತಕ್ಷಣ ಇದು ತನ್ನ ಮೇಜಿನದೋ ಪಕ್ಕದವರದೋ ಗೊತ್ತಾಗಿಬಿಡುತ್ತದೆ. ಆಮೇಲೆ ವಿಷಯ: ಪೋಡಿ, ಅಂದರೆ ಜಮೀನನ್ನು ಅಳೆದು ಭಾಗ ಮಾಡುವುದು. ಮೂರನೆಯದು ಅವಧಿ, ಅದನ್ನು ಕೇಳಿದ ಮೇಲೆ "ಇನ್ನೂ ಸ್ವಲ್ಪ ದಿನ ಬಿಟ್ಟು ಮಾಡಿ" ಎನ್ನಲು ಕೇಸ್ ವರ್ಕರ್‌ಗೆ ಬಾಯಿ ಬರುವುದಿಲ್ಲ. ಅರ್ಜಿ ಸಂಖ್ಯೆಯ ಮಾತು ಕೊನೆಗೆ ಬಂದದ್ದರಿಂದ ಲೈನು ಸೇರುವ ಹೊತ್ತಿಗೆ ಅವರ ಕೈ ಕೀಬೋರ್ಡಿನ ಮೇಲಿರುತ್ತದೆ. ಕರೆ ಮಾಡಿದವರ ಸಿಟ್ಟನ್ನು ಆಕೆ ತನ್ನಲ್ಲೇ ಇಟ್ಟುಕೊಂಡರು, ಸಂಗತಿಯನ್ನು ಮಾತ್ರ ದಾಟಿಸಿದರು. ಎಲ್ಲಕ್ಕಿಂತ ದೊಡ್ಡದು ಆ ಕಾಯುವಿಕೆ. "ಕೊಡಮ್ಮ" ಎಂದವರು ಆಮೇಲೆ "ಇದು ನಮ್ಮ ಸೆಕ್ಷನ್ ಅಲ್ಲ" ಎನ್ನಲಾರರು. ಅವರು ಒಪ್ಪಿಕೊಳ್ಳುವವರೆಗೂ ಕರೆಯ ಹೊಣೆ ಈಕೆಯದೇ. ಅತ್ತ ಯಾರೂ ಎತ್ತದಿದ್ದರೆ ವಾಪಸ್ ಬಂದು, "ಸಾಹೇಬ್ರು ವಿಡಿಯೋ ಕಾನ್ಫರೆನ್ಸಲ್ಲಿದಾರಂತೆ, ಊಟ ಆದ್ಮೇಲೆ ಮಾಡಿ" ಎಂದಾದರೂ ಹೇಳುವ ಜಾಗ ಉಳಿದಿರುತ್ತದೆ.

ಇದೇ ಕೆಲಸದ ಇನ್ನೊಂದು ರೂಪ ಎಲ್ಲರಿಗೂ ಗೊತ್ತು. ಅದೇ ಫ್ಲ್ಯಾಶ್, ಅದೇ ಒಳನಂಬರು. ರಿಂಗ್ ಆಗುವುದೇ ತಡ ರಿಸೀವರ್ ಕೆಳಗೆ. ಕೊಟ್ಟವರಿಗೆ ಉಳಿಯುವುದು ಕೆಲವೇ ಸೆಕೆಂಡು. ಕರೆ ಮಾಡಿದವರು ಮಾತ್ರ ಖಾಲಿ ಕೋಣೆಯ ರಿಂಗ್ ಕೇಳುತ್ತ ನಿಲ್ಲಬೇಕು, ಅಥವಾ ಯಾರಾದರೂ ಎತ್ತಿದರೆ ಕಥೆಯನ್ನು ಮೊದಲಿನಿಂದ ಹೇಳಬೇಕು. ಧ್ವನಿಮುದ್ರಿತ ಸ್ವಾಗತದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದು: ಅದು ಪ್ರತಿಯೊಂದು ಕರೆಯನ್ನೂ ಹೀಗೆಯೇ ದಾಟಿಸುತ್ತದೆ. ಅತ್ತ ಎತ್ತಿದವರು ಯಾರು, ಒಪ್ಪಿಕೊಂಡರೋ ಇಲ್ಲವೋ ಎಂದು ಅದು ಎಂದೂ ಕಾದು ನೋಡುವುದಿಲ್ಲ.

ಆ ಮಹಿಳೆಯ ಕೆಲಸದಲ್ಲೂ ಕೊರತೆ ಇತ್ತು. ಲೈನು ಕಟ್ಟಾದರೆ ಯಾವ ನಂಬರಿಗೆ ಮಾಡಬೇಕು, ಯಾರನ್ನು ಕೇಳಬೇಕು ಎಂದು ಕರೆ ಮಾಡಿದವರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಚೆನ್ನಾಗಿತ್ತು.

ಸರ್ಕಾರಿ ಕಚೇರಿಗಳ ಫೋನಿನ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರ ಮೇಲೆ ನನ್ನ ತಕರಾರು ಇದಕ್ಕಿಂತ ಗಂಭೀರ. ಅವರಿಗೆ ಕಾಣುವ ಕಾರಣ ಒಂದೇ, ನೌಕರರ ಮನೋಭಾವ. ಯಂತ್ರದ ಹತ್ತಿರ ಅವರು ಹೋಗಿಯೇ ಇಲ್ಲ. ಫ್ಲ್ಯಾಶ್ ಎಂದರೆ ಲೈನನ್ನು ಅರೆಗಳಿಗೆ ಕತ್ತರಿಸಿ ಮತ್ತೆ ಜೋಡಿಸುವುದು. ಆ ಅರೆಗಳಿಗೆಗೆ ಅಳತೆ ಇದೆ. ಎಕ್ಸ್‌ಚೇಂಜನ್ನು 600 ಮಿಲಿಸೆಕೆಂಡಿಗೆ ಹೊಂದಿಸಿದ್ದು, ಹೊಸದಾಗಿ ತಂದಿಟ್ಟ ಫೋನಿನ ಬಟನ್ 100ಕ್ಕೆ ಇದ್ದರೆ ಎಷ್ಟು ಒತ್ತಿದರೂ ಕರೆ ದಾಟುವುದಿಲ್ಲ. ಬಟನ್ ಬಿಟ್ಟು ಕ್ರೇಡಲನ್ನೇ ಬೆರಳಿನಿಂದ ಒತ್ತಲು ಹೋದರೆ, ಸ್ವಲ್ಪ ಹೆಚ್ಚಾದರೂ ಲೈನು ಕಟ್. ನಾಲ್ಕು ಸಲ ಹೀಗಾಗಿ ನಾಲ್ಕು ಸಲ ಬೈಸಿಕೊಂಡ ಗುಮಾಸ್ತರು ಐದನೆಯ ಸಲ "ಬೇರೆ ನಂಬರಿಗೆ ಮಾಡಿ" ಎನ್ನುತ್ತಾರೆ. ವರದಿಯಲ್ಲಿ ಅದು ಉಡಾಫೆ ಎಂದು ದಾಖಲಾಗುತ್ತದೆ. ಹೊಂದಿಸಬೇಕಾದದ್ದು ಒಂದು ಅಂಕಿ. ಅದನ್ನು ಹೊಂದಿಸದೆ ಕೊಡುವ ನಡವಳಿಕೆಯ ತರಬೇತಿ ವ್ಯರ್ಥ.

ದೂರಸಂಪರ್ಕದ ಇತಿಹಾಸ ಹೇಳುವವರೂ ಈ ಕೆಲಸಕ್ಕೆ ಅನ್ಯಾಯ ಮಾಡಿದ್ದಾರೆ. 1984ರಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್, 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ನಡೆಸಿದ್ದನ್ನು ಎಲ್ಲರೂ ಬರೆಯುತ್ತಾರೆ. ಕಚೇರಿಗಳಿಗೆಂದು ರೂಪಿಸಿದ 128 ಪೋರ್ಟಿನ ವಿನ್ಯಾಸವನ್ನೇ ಹಳ್ಳಿಯ ಧೂಳು, ಬಿಸಿಲಿಗೆ ಒಗ್ಗಿಸಿ ಅದನ್ನು ಮಾಡಿದ್ದು ಎಂಬುದನ್ನು ಬರೆಯುವವರು ಕಡಿಮೆ. ಆ ವಿನ್ಯಾಸದ ಮೂಲ ನೆಲೆಯಾದ ಕಚೇರಿಯಲ್ಲಿ ಫೋನೆತ್ತುತ್ತಿದ್ದವರ ಬಗ್ಗೆ ಒಂದು ಪ್ಯಾರಾ ಕೂಡ ಸಿಗುವುದಿಲ್ಲ.

ಸಹಾಯವಾಣಿ ಇರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ಕರೆಂಟು ಹೋದಾಗ 1912 ಸರಿ. ದೂರು ದಾಖಲಾದರೆ ಮುಂದಿನದು ಲೈನ್‌ಮನ್ ಕೆಲಸ. ಪೋಡಿಯಂಥ ಕಡತ ಹಾಗಲ್ಲ. ಅದು ಒಂದು ನಿರ್ದಿಷ್ಟ ಮೇಜಿನ ಮೇಲೆ ಇರುತ್ತದೆ, ಆ ಮೇಜಿನವರ ಜೊತೆಯೇ ಮಾತಾಗಬೇಕು. ಅಧಿಕಾರಿಗಳ ಮೊಬೈಲ್ ನಂಬರು ಕೊಟ್ಟರೆ ಸಾಕು ಎಂಬ ವಾದವೂ ಇದೆ. ಅಧಿಕಾರಿ ವರ್ಗವಾದರು, ಸಭೆಗೆ ಹೋದರು, ರಜೆ ಹಾಕಿದರು ಎಂದರೆ ಆ ಮೊಬೈಲಿನಿಂದ ಪಕ್ಕದ ಮೇಜಿಗೆ ಕರೆ ದಾಟುವ ದಾರಿಯೇ ಇಲ್ಲ.

ಹಳೆಯ ಇಪಿಎಬಿಎಕ್ಸ್‌ನಲ್ಲಿ ಆ ದಾರಿ ಇದೆ. ದಾಟಿಸಿದ ಕರೆಯನ್ನು ಯಾರೂ ಎತ್ತದಿದ್ದರೆ ನಿಗದಿಪಡಿಸಿದ ಹೊತ್ತಿನ ನಂತರ ಅದು ದಾಟಿಸಿದವರಿಗೇ ಮರಳುವ ಸೌಲಭ್ಯವಿದೆ. ಪಕ್ಕದ ಮೇಜಿನಲ್ಲಿ ರಿಂಗ್ ಆಗುವುದನ್ನು ಒಂದು ಕೋಡ್ ಒತ್ತಿ ತಮ್ಮ ಫೋನಿನಲ್ಲೇ ಎತ್ತಿಕೊಳ್ಳುವ ಸೌಲಭ್ಯವೂ ಇದೆ. ಎರಡಕ್ಕೂ ಹೊಸ ದುಡ್ಡು ಬೇಕಿಲ್ಲ, ಯಂತ್ರ ಕೂರಿಸುವ ದಿನ ಯಾರಾದರೂ ಕೇಳಿ ಹಾಕಿಸಬೇಕು. ಕೇಳಲು ಗೊತ್ತಿರುವುದು ದಿನವೂ ಫೋನೆತ್ತುವವರಿಗೆ. ಖರೀದಿಯ ಟಿಪ್ಪಣಿ ತಯಾರಾಗುವಾಗ ಆ ಟಪಾಲು ಮೇಜಿನ ಮಹಿಳೆಯನ್ನು ಕರೆದು ಕೂರಿಸಿಕೊಳ್ಳಲಿ. ಎತ್ತದ ಕರೆ ಎಷ್ಟು ರಿಂಗ್ ಆದ ಮೇಲೆ ಮರಳಬೇಕು, ಯಾವ ಮೇಜು ಯಾವ ಗುಂಪಿಗೆ ಸೇರಬೇಕು ಎಂದು ಆಕೆ ಹೇಳಲಿ, ಟಿಪ್ಪಣಿಯಲ್ಲಿ ಹಾಗೆಯೇ ಬರೆಯಲಿ.